ತಜ್ಞರ ಉತ್ತರ: ಕಿಟ್ ಲೆನ್ಸ್ ಒಂದೇ ಇಟ್ಕೊಂಡು ಫೋಟೋಗ್ರಫಿ ಟ್ಯುಟೋರಿಯಲ್ ಸ್ಪರ್ಧೆಗೆ ಹೋಗಬಹುದಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಕೆಲಸದವರ ಹಾಜರಿ ಬರೆಯೋನು. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500, ಅದರ ಜೊತೆ ಬಂದ 18-55 ಕಿಟ್ ಲೆನ್ಸು, ಅಷ್ಟೇ. ಟ್ರೈಪಾಡ್ ಇಲ್ಲ, ಫ್ಲ್ಯಾಶ್ ಇಲ್ಲ. ಆನ್‌ಲೈನಲ್ಲಿ ಒಂದು ಫೋಟೋಗ್ರಫಿ ಟ್ಯುಟೋರಿಯಲ್ ಸ್ಪರ್ಧೆ ನೋಡಿದೆ. ಏನಾದ್ರೂ ಒಂದನ್ನ ಹಂತ ಹಂತವಾಗಿ ಕಲಿಸಿಕೊಡೋ ಹಾಗೆ ಫೋಟೋ ಸಮೇತ ಬರೆದು ಕಳಿಸಬೇಕಂತೆ, ಅದೂ ಇಂಗ್ಲಿಷಲ್ಲಿ. ಫಸ್ಟ್ ಪ್ರೈಜ್ ಮಿರರ್‌ಲೆಸ್ ಕ್ಯಾಮೆರಾ ಮತ್ತೆ ಲೆನ್ಸು, ನಡೆಸ್ತಿರೋರು ಹೊರದೇಶದವರು, ಜನವರಿ ಕೊನೆಗೆ ಲಾಸ್ಟ್ ಡೇಟು. 'ಮುಳ್ಳಯ್ಯನಗಿರಿಯಲ್ಲಿ ಸನ್‌ರೈಸ್ ತೆಗೆಯೋದು ಹೇಗೆ' ಅಂತ ಬರೆಯೋಣ ಅಂದ್ಕೊಂಡಿದೀನಿ. ಇಷ್ಟು ಗೇರ್‌ಗೆ ಚಾನ್ಸ್ ಇದೆಯಾ? ಫೋಟೋ ಹಕ್ಕೆಲ್ಲ ಅವರಿಗೆ ಹೋಗಿಬಿಡುತ್ತಾ? ಗೆದ್ರೆ ಕ್ಯಾಮೆರಾ ನಿಜವಾಗ್ಲೂ ಮನೆಗೆ ಬರುತ್ತಾ?

ಉತ್ತರ: ಚಾನ್ಸ್ ಇದೆ, ಕಳಿಸಿ. ಆದ್ರೆ ಮುಳ್ಳಯ್ಯನಗಿರಿ ಸನ್‌ರೈಸ್ ಬೇಡ. ನಿಮ್ಮ ಗೇರ್ ಬಗ್ಗೆ ನನಗೆ ಚಿಂತೆ ಇಲ್ಲ, ಆ ಟಾಪಿಕ್ ಬಗ್ಗೆನೇ ಚಿಂತೆ.

ಮೊದಲು ಗೇರ್ ವಿಷಯ ಬೇಗ ಮುಗಿಸ್ತೀನಿ. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್, ಅಂದ್ರೆ ಒಂದು ಫೋಟೋ 6000 ಪಿಕ್ಸೆಲ್ ಅಗಲ 4000 ಎತ್ತರ. ಟ್ಯುಟೋರಿಯಲ್ ಜೊತೆ ಹಾಕೋ ಫೋಟೋ ಸಾಮಾನ್ಯವಾಗಿ 1600 ಪಿಕ್ಸೆಲ್ ಅಗಲ ಇದ್ರೆ ಸಾಕು, ಅದು ಎರಡು ಮೆಗಾಪಿಕ್ಸೆಲ್ಲೂ ಆಗಲ್ಲ. ಆ ಸೈಜಲ್ಲಿ ನಿಮ್ಮ ಕಿಟ್ ಲೆನ್ಸಿಗೂ ಲಕ್ಷ ರೂಪಾಯಿ ಲೆನ್ಸಿಗೂ ಶಾರ್ಪ್‌ನೆಸ್ ವ್ಯತ್ಯಾಸ ಹುಡುಕೋದು ಕಷ್ಟ, ಹುಡುಕೋರು ಇದ್ರೂ ಅವರು ಓದುಗರಲ್ಲ ಲೆನ್ಸ್ ಮಾರೋರು. ಇನ್ನೊಂದು ಮಾತು, ಓದೋರಲ್ಲಿ ಹೆಚ್ಚಿನವರ ಹತ್ರ ಇರೋದೂ ಇಂಥದ್ದೇ ಕ್ಯಾಮೆರಾ, ಹಾಗಾಗಿ ಟ್ಯುಟೋರಿಯಲ್ಲಲ್ಲಿ ಕಿಟ್ ಲೆನ್ಸ್ ಇರೋದು ನಿಮಗೆ ಪ್ಲಸ್ಸೇ. ಮೂರು ಸ್ಟುಡಿಯೋ ಲೈಟ್ ಇಟ್ಟು ಮಾಡಿದ್ದನ್ನ ನೋಡಿ ಜನ 'ವಾವ್' ಅಂದು ಮುಂದಕ್ಕೆ ಹೋಗ್ತಾರೆ, ಯಾರೂ ಮನೇಲಿ ಮಾಡಿ ನೋಡಲ್ಲ.

ಈಗ ಟಾಪಿಕ್. ಫೋಟೋ ಸ್ಪರ್ಧೆನೇ ಬೇರೆ, ಟ್ಯುಟೋರಿಯಲ್ ಸ್ಪರ್ಧೆನೇ ಬೇರೆ, ಇದನ್ನ ಬಹಳ ಜನ ಕಲಸಿಬಿಡ್ತಾರೆ. ಅಲ್ಲಿ ಮಾರ್ಕ್ಸು ಫೋಟೋಗೆ, ಇಲ್ಲಿ ಮಾರ್ಕ್ಸು ಓದಿದೋನು ಅದನ್ನ ಮಾಡೋಕೆ ಆಯ್ತಾ ಅನ್ನೋದಕ್ಕೆ. ನಾನು ಹಾಸನದಲ್ಲಿ ಕ್ಲಾಸ್ ತಗೊಳ್ಳೋದ್ರ ಜೊತೆ ಆಗಾಗ ಇಂಥ ಬರಹಗಳನ್ನ ಓದಿ ಮಾರ್ಕ್ಸ್ ಹಾಕೋ ಕೆಲಸಾನೂ ಮಾಡಿದೀನಿ, ಅಲ್ಲಿ ಬರೋದ್ರಲ್ಲಿ ಮುಕ್ಕಾಲು ಪಾಲು 'ನನ್ನ ಬೆಸ್ಟ್ ಫೋಟೋ ನೋಡಿ, ಹೀಗೆ ತೆಗೆದೆ' ಅನ್ನೋ ಥರದ್ದೇ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ಕರ್ನಾಟಕದಲ್ಲೇ ಎತ್ತರದ ಶಿಖರ, ಚಂದ ಇದೆ ಒಪ್ಪಿದೆ, ಆದ್ರೆ ನೀವು ಅದರ ಬಗ್ಗೆ ಏನು ಬರೀತೀರ ಅಂತ ನಾನು ಈಗ್ಲೇ ಹೇಳ್ತೀನಿ: ಬೇಗ ಏಳಿ, ಟ್ರೈಪಾಡ್ ತಗೊಂಡು ಹೋಗಿ, ಲೆನ್ಸಿನ ಕಿಂಡಿ ಎಫ್ 11 ಇಡಿ, ಮುಂದೆ ಒಂದು ಕಲ್ಲೋ ಹುಲ್ಲೋ ಬರಲಿ, ಮಂಜು ಬಂದ್ರೆ ಅದೃಷ್ಟ. ಇದೇ ಐದು ವಾಕ್ಯನ ನಂದಿ ಬೆಟ್ಟದವರೂ ಬರೀತಾರೆ, ಊಟಿಯವರೂ ಬರೀತಾರೆ, ಸ್ವಿಟ್ಜರ್ಲೆಂಡಿನವರೂ ಬರೀತಾರೆ, ಬೆಟ್ಟದ ಹೆಸರು ಬದಲಾಯಿಸಿದ್ರೆ ಮುಗೀತು. ಮೇಲಾಗಿ ನಿಮ್ಮ ಹತ್ರ ಟ್ರೈಪಾಡೇ ಇಲ್ಲ!

ಬೇಲೂರು ಹಳೇಬೀಡಿಗೂ ಇದೇ ಕಥೆ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ನಮ್ಮ ಕಡೆಯಿಂದ ಯಾರು ಏನು ಕಳಿಸಿದ್ರೂ ಒಬ್ಬಳು ಶಿಲಾಬಾಲಿಕೆ ಇರಲೇಬೇಕು. 'ದೇವಸ್ಥಾನದ ಫೋಟೋ ತೆಗೆಯೋದು ಹೇಗೆ' ಅಂದ್ರೆ ಅದು ಟಾಪಿಕ್ ಅಲ್ಲ, ಊರಷ್ಟು ದೊಡ್ಡ ವಿಷಯ. ಅದನ್ನೇ ಚಿಕ್ಕದು ಮಾಡಿ. ಹಳೇಬೀಡು ಹೊಯ್ಸಳೇಶ್ವರದ ಬಾಗಿಲು ಪೂರ್ವಕ್ಕೆ, ದೊಡ್ಡ ದೊಡ್ಡ ಶಿಲ್ಪದ ಸಾಲು ಇರೋದು ಹಿಂದುಗಡೆ ಪಶ್ಚಿಮದ ಗೋಡೇಲಿ. ಬೆಳಿಗ್ಗೆ ಬಸ್ಸಲ್ಲಿ ಬಂದು ಇಳಿದೋರಿಗೆ ಆ ಗೋಡೆ ಪೂರ್ತಿ ನೆರಳು, ಕಲ್ಲು ಚಪ್ಪಟೆಯಾಗಿ ಕಾಣುತ್ತೆ, 'ಫೋಟೋದಲ್ಲಿ ಬರಲ್ಲ ಬಿಡಿ, ಕಣ್ಣಲ್ಲೇ ನೋಡಬೇಕು' ಅಂದ್ಕೊಂಡು ಹೋಗ್ತಾರೆ. ಸೂರ್ಯ ನೆತ್ತಿ ದಾಟಿದ ಮೇಲೆ ಬಿಸಿಲು ಆ ಗೋಡೆನ ಸವರಿಕೊಂಡು ಬೀಳೋಕೆ ಶುರು ಆಗುತ್ತೆ, ಆಗ ಒಂದೊಂದು ಒಡವೆಗೂ ಪಕ್ಕದಲ್ಲೇ ಒಂದು ಸಣ್ಣ ನೆರಳು ಬಂದು ಶಿಲ್ಪ ಎದ್ದು ನಿಲ್ಲುತ್ತೆ. ನೆತ್ತಿ ಅಂದ್ರೆ ಗಡಿಯಾರದ 12 ಗಂಟೆ ಅಲ್ಲ, ನಮ್ಮ ದೇಶದ ಟೈಮು 82.5 ಡಿಗ್ರಿ ರೇಖಾಂಶದ್ದು, ಹಳೇಬೀಡು ಇರೋದು 76ರ ಹತ್ರ, ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮಗೆ ನಿಜವಾದ ಮಧ್ಯಾಹ್ನ ಆಗೋದು 12:25ರ ಸುಮಾರಿಗೆ, ತಿಂಗಳ ಮೇಲೆ ಒಂದು ಕಾಲು ಗಂಟೆ ಹಿಂದೆ ಮುಂದೆ ಆಗುತ್ತೆ. ಒಂದೇ ಶಿಲ್ಪ, ಒಂದೇ ಜಾಗದಲ್ಲಿ ನಿಂತು, ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಫೋಟೋ ತೆಗೆದು ಸಾಲಾಗಿ ಇಟ್ರೆ ಅರ್ಧ ಟ್ಯುಟೋರಿಯಲ್ ಅಲ್ಲೇ ಆಯ್ತು. ಇದನ್ನ ಓದಿದೋನು ತನ್ನೂರಿನ ಯಾವ ಗೋಡೆಗಾದ್ರೂ ಉಪಯೋಗಿಸಬಹುದು. ಟ್ರೈಪಾಡ್ ಮಾತ್ರ ಅಲ್ಲಿ ಪುರಾತತ್ವ ಇಲಾಖೆ ಪರ್ಮಿಷನ್ ಇಲ್ದೆ ಇಡೋ ಹಾಗಿಲ್ಲ, ಬಿಸಿಲಲ್ಲಿ ಅದರ ಅವಶ್ಯಕತೆನೂ ಇಲ್ಲ.

ಇದು ಯಾರಾದ್ರೂ ಹಾಸನದ ಕಡೆಯವರಿಗೆ ಇರಲಿ. ನಿಮಗೆ ನಾನು ಹೇಳೋದು ಬೇರೆ.

ನೀವು ಎಸ್ಟೇಟಲ್ಲಿ ರೈಟರ್, ದಿನಾ ತೋಟದೊಳಗೆ ಓಡಾಡೋರು, ಈಗ ಕುಯ್ಲು ನಡೀತಿರೋ ಟೈಮು. ಒಂದು ಪ್ರಶ್ನೆ ಕೇಳ್ತೀನಿ. ತೋಟದೊಳಗೆ ಹಣ್ಣು ಕುಯ್ತಿರೋರ ಮುಖದ ಫೋಟೋ ಎಂದಾದ್ರೂ ತೆಗೆದಿದೀರಾ? ತೆಗೆದಿದ್ರೆ ಎರಡು ತೊಂದರೆ ಕಂಡೇ ಇರುತ್ತೆ. ಒಂದು, ಸಿಲ್ವರ್ ಓಕ್ ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು ಹಣೆ ಮೇಲೆ ಒಂದು ಬಿಳಿ ಕಲೆ, ಕಣ್ಣು ಕಪ್ಪು ಗುಂಡಿ. ಎರಡು, ಮುಖದ ಬಣ್ಣ ಒಂಥರಾ ಹಸಿರು, ಹುಷಾರಿಲ್ಲದೋರ ಹಾಗೆ. ಮನೆಗೆ ಬಂದು ಕಂಪ್ಯೂಟರಲ್ಲಿ ಏನೇ ಎಳೆದಾಡಿದ್ರೂ ಸರಿ ಹೋಗಲ್ಲ. ಇದು ಮಲೆನಾಡಿನ ಪ್ರತಿ ಫೋಟೋಗ್ರಾಫರಿಗೂ ಇರೋ ತಲೆನೋವು, ಇಲ್ಲಿನ ಹೋಂಸ್ಟೇಗಳಲ್ಲಿ ಪ್ರೀ ವೆಡ್ಡಿಂಗ್ ಶೂಟಿಗೆ ಬರೋ ಬೆಂಗಳೂರಿನ ಹುಡುಗರಿಗಂತೂ ಇನ್ನೂ ಜಾಸ್ತಿ. ಅಷ್ಟೇ ಅಲ್ಲ, ಕಾಡಿರೋ ಮರವಿರೋ ಯಾವ ದೇಶದಲ್ಲಾದ್ರೂ ಇದೇ ತೊಂದರೆ ಇದೆ. ನಿಮ್ಮ ಟ್ಯುಟೋರಿಯಲ್ ಇದು. 'ಮರದ ನೆರಳಲ್ಲಿ ಮುಖ ಹಸಿರಾಗದ ಹಾಗೆ ಫೋಟೋ ತೆಗೆಯೋದು, ಒಂದು ಪಂಚೆ ಮತ್ತು ಒಂದು ಗೊಬ್ಬರದ ಚೀಲದಲ್ಲಿ.'

ಯಾಕೆ ಹೀಗಾಗುತ್ತೆ ಅನ್ನೋದನ್ನ ನಾಲ್ಕು ಲೈನಲ್ಲಿ ಹೇಳಲೇಬೇಕು, ಕಾರಣ ಹೇಳದ ಟ್ಯುಟೋರಿಯಲ್ ಬರೀ ಮಂತ್ರ ಆಗುತ್ತೆ. ಎಲೆಯಲ್ಲಿರೋ ಕ್ಲೋರೋಫಿಲ್ ಬೆಳಕಿನ ಕೆಂಪು ನೀಲಿನ ಹೀರ್ಕೊಂಡು ಹಸಿರನ್ನ ಅಷ್ಟಾಗಿ ಹೀರದೆ ಬಿಡುತ್ತೆ, ಹಾಗಾಗಿ ಎಲೆ ಮೂಲಕ ಇಳಿದು ಬರೋ ಬೆಳಕೂ, ಕಾಫಿ ಗಿಡಕ್ಕೆ ತಾಗಿ ಮುಖದ ಮೇಲೆ ಚಿಮ್ಮೋ ಬೆಳಕೂ ಎರಡೂ ಹಸಿರೇ. ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಂಡುಬಿಡುತ್ತೆ, ಕ್ಯಾಮೆರಾ ಒಗ್ಗಲ್ಲ. ಆಟೋ ವೈಟ್ ಬ್ಯಾಲೆನ್ಸು, ಅಂದ್ರೆ ಬಿಳಿ ಬಿಳಿಯಾಗೇ ಕಾಣೋ ಹಾಗೆ ಕ್ಯಾಮೆರಾ ತಾನೇ ಬಣ್ಣ ಸರಿಮಾಡೋದು, ಹಳದಿ ನೀಲಿ ಕಡೆಗೆ ಚೆನ್ನಾಗಿ ಸರಿಮಾಡ್ಕೊಳ್ಳುತ್ತೆ, ಹಸಿರಿಗೆ ಬಂದ್ರೆ ಸುಮಾರಾಗಿ ಕೈ ಎತ್ತಿಬಿಡುತ್ತೆ. ಇನ್ನು ಬಿಸಿಲಿನ ಚುಕ್ಕೆಗೂ ಪಕ್ಕದ ನೆರಳಿಗೂ ನಾಲ್ಕೈದು ಸ್ಟಾಪ್ ವ್ಯತ್ಯಾಸ ಇರುತ್ತೆ, ಒಂದು ಸ್ಟಾಪ್ ಅಂದ್ರೆ ಡಬಲ್, ಅಂದ್ರೆ ಅದೇ ಮುಖದ ಮೇಲೆ ಒಂದು ಕಡೆ ಬೆಳಕು ಇನ್ನೊಂದು ಕಡೆಗಿಂತ 16ರಿಂದ 32 ಪಟ್ಟು ಜಾಸ್ತಿ. ಎರಡು ಕಡೆದೂ ಬಣ್ಣ ಬೇರೆ ಬೇರೆ ಆಗಿರೋದ್ರಿಂದಲೇ ಕಂಪ್ಯೂಟರಲ್ಲಿ ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡೋದು.

ಹಾಗಾಗಿ ರಿಪೇರಿ ಶುರು ಆಗಬೇಕಾದ್ದು ತೋಟದಲ್ಲೇ. ಮೊದಲನೇ ಹಂತ ಬರೀ ಜಾಗ ಬದಲಾಯಿಸೋದು: ತೋಟದ ಮಧ್ಯದಿಂದ ರಸ್ತೆ ಅಂಚಿಗೆ ಬಂದು, ಮುಖ ಆಕಾಶ ತೆರೆದಿರೋ ಕಡೆಗೆ ತಿರುಗಿಸಿ. ಖರ್ಚು ಸೊನ್ನೆ, ಅರ್ಧ ಹಸಿರು ಹೋಯ್ತು. ಎರಡನೇದು ಪಂಚೆ. ಬಿಳಿ, ತೆಳು, ಒಂದೇ ಪದರ, ಇಬ್ಬರು ಎರಡು ತುದಿ ಹಿಡ್ಕೊಂಡು ತಲೆಯಿಂದ ಎರಡು ಮೂರು ಅಡಿ ಮೇಲೆ ಚಪ್ಪರದ ಹಾಗೆ ಹಿಡಿದ್ರೆ ಬಿಸಿಲಿನ ಚುಕ್ಕೆಗಳೆಲ್ಲ ಕರಗಿ ಒಂದೇ ಸಮನಾದ ಬೆಳಕು ಬರುತ್ತೆ. ಪಂಚೆ ಅಂಚು ಕೆಂಪೋ ಹಸಿರೋ ಇದ್ರೆ ಮಡಚಿ ಆಚೆ ಇರಲಿ, ಇಲ್ಲಾಂದ್ರೆ ಆ ಬಣ್ಣ ಕೆನ್ನೆ ಮೇಲೆ ಬಂದು ಕೂರುತ್ತೆ. ಇಂಥ ಸಣ್ಣ ಮಾತುಗಳನ್ನ ಬಿಡದೆ ಬರೀರಿ, ಕೈಯಾರೆ ಮಾಡಿದೋರಿಗೆ ಮಾತ್ರ ಗೊತ್ತಾಗೋ ವಿಷಯ ಇವು, ಓದೋ ಜಡ್ಜಿಗೆ ಅದು ತಕ್ಷಣ ಗೊತ್ತಾಗುತ್ತೆ. ಮೂರನೇದು ಗೊಬ್ಬರದ ಬಿಳಿ ಚೀಲ, ಬಿಚ್ಚಿ ಅಗಲ ಮಾಡಿ, ಅಕ್ಷರ ಇಲ್ಲದ ಮಗ್ಗುಲು ಮೇಲೆ ಬರೋ ಹಾಗೆ ಸೊಂಟದ ಎತ್ತರಕ್ಕೆ ಹಿಡೀರಿ, ಕೆಳಗಡೆಯಿಂದ ಬರೋ ಗಿಡದ ಹಸಿರನ್ನ ಅದು ತಡೆದು ಅದರ ಬದಲು ಬಿಳಿ ಬೆಳಕು ಕೊಡುತ್ತೆ. ಕಣ್ಣಿನ ಕೆಳಗಿನ ಕಪ್ಪೂ ಹೋಗುತ್ತೆ. ನೀಲಿ ಟಾರ್ಪಾಲ್ ಹತ್ರದಲ್ಲಿ ಎಲ್ಲಾದ್ರೂ ಹಾಸಿದ್ರೆ ಎಳೆದು ದೂರ ಹಾಕಿ, ಅದಂತೂ ಗಲ್ಲಕ್ಕೆ ನೀಲಿ ಹೊಡೆಸುತ್ತೆ.

ಇಷ್ಟಾದ ಮೇಲೆ ವೈಟ್ ಬ್ಯಾಲೆನ್ಸು. ನಿಮ್ಮ ಕ್ಯಾಮೆರಾದಲ್ಲಿ ಪ್ರೀಸೆಟ್ ಮ್ಯಾನ್ಯುಅಲ್ ಅಂತ ಇದೆ, ಅದೇ ಬೆಳಕಲ್ಲಿ ಮುಖದ ಜಾಗದಲ್ಲಿ ಗ್ರೇ ಕಾರ್ಡೋ (ಬಣ್ಣ ಅಳೆಯೋಕೆ ಅಂತಾನೇ ಸಿಗೋ ಬೂದು ಕಾರ್ಡು) ಬಿಳಿ ಕಾಗದನೋ ಇಟ್ಟು ಅಳತೆ ತಗೊಳ್ಳೋದು. ರಾ ಫೈಲ್ (ಜೆಪೆಗ್ ಮಾಡೋ ಮುಂಚಿನ ಕಚ್ಚಾ ಫೈಲು) ತೆಗೆದ್ರೆ ಮನೇಲೂ ಮಾಡಬಹುದು, ಡಾರ್ಕ್‌ಟೇಬಲ್ಲೋ ರಾಥೆರಪಿನೋ ಎರಡೂ ಫ್ರೀ ಸಾಫ್ಟ್‌ವೇರು, ಆ ಕಾಗದದ ಮೇಲೆ ಬಣ್ಣ ಆರಿಸೋ ಡ್ರಾಪರ್ ಒತ್ತಿದ್ರೆ ಆಯ್ತು. ಒಂದು ಕಿವಿಮಾತು, ಝೆರಾಕ್ಸ್ ಕಾಗದಕ್ಕೆ ಬೆಳ್ಳಗೆ ಕಾಣಲಿ ಅಂತ ಏನೋ ಸೇರಿಸಿರ್ತಾರೆ, ಅದು ಬಿಸಿಲಿನ ಅಲ್ಟ್ರಾವಯಲೆಟ್ಟಿಗೆ ನೀಲಿ ಹೊಳೀತದೆ, ಅದನ್ನ ನಂಬಿ ಅಳತೆ ತಗೊಂಡ್ರೆ ಫೋಟೋ ಸ್ವಲ್ಪ ಹಳದಿ ಕಡೆ ವಾಲುತ್ತೆ. ಗ್ರೇ ಕಾರ್ಡಿಗೆ ಜಾಸ್ತಿ ದುಡ್ಡಾಗಲ್ಲ, ಒಂದು ತಗೊಳ್ಳಿ.

ಬರೆಯೋವಾಗ ನಂಬರ್ ಕೊಡಿ. ಅಜ್ಜಿ ಉಪ್ಪಿನಕಾಯಿ ಹೇಳಿಕೊಡೋವಾಗ 'ಹದ ನೋಡಿ ಹಾಕು' ಅಂದ್ರೆ ನಡೀತದೆ, ಇಲ್ಲಿ ನಡೆಯಲ್ಲ. ತೋಟದ ನೆರಳಲ್ಲಿ 55 ಎಂಎಂ, ಎಫ್ 5.6, ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು) 800, ಶಟರ್ 1/250 ಸೆಕೆಂಡ್ ಹತ್ರ ಎಲ್ಲೋ ಬರುತ್ತೆ ನಿಮಗೆ, ನಿಮ್ಮದು ಎಷ್ಟು ಬಂತೋ ಅದನ್ನೇ ಪ್ರತಿ ಫೋಟೋ ಕೆಳಗೆ ಹಾಕಿ. ಪಂಚೆ ಎಷ್ಟು ಅಡಿ ಮೇಲೆ, ಚೀಲ ಎಷ್ಟು ಅಡಿ ದೂರ, ಟೈಮ್ ಎಷ್ಟು. ಆಮೇಲೆ ಬಹಳ ಮುಖ್ಯವಾದ್ದು, ಕೆಟ್ಟ ಫೋಟೋನೂ ಹಾಕಿ. ಹಸಿರು ಮುಖದ್ದು ಮೊದಲು, ಜಾಗ ಬದಲಾಯಿಸಿದ್ದು ಆಮೇಲೆ, ಪಂಚೆ ಬಂದ ಮೇಲಿನದು, ಚೀಲ ಬಂದ ಮೇಲಿನದು, ಬಣ್ಣ ಸರಿ ಮಾಡಿದ್ದು. ಐದರಲ್ಲೂ ಅದೇ ಮನುಷ್ಯ, ಅದೇ ಅಳತೆಯ ಫ್ರೇಮು, ಅದೇ ನಿಲುವು. ಪ್ರತಿ ಹಂತಕ್ಕೆ ಒಂದೇ ಒಂದು ಬದಲಾವಣೆ. ಒಂದೇ ಸಲಕ್ಕೆ ಮೂರು ಬದಲಾಯಿಸಿ 'ನೋಡಿ ಎಷ್ಟು ಚೆನ್ನಾಗಾಯ್ತು' ಅಂದ್ರೆ ಯಾವುದರಿಂದ ಚೆನ್ನಾಗಾಯ್ತು ಅಂತ ಓದೋನಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ದೂರದಿಂದ ಫೋನಲ್ಲಿ ಒಂದು ಫೋಟೋ ಬೇಕೇ ಬೇಕು, ಪಂಚೆ ಹಿಡಿದೋರು, ಚೀಲ ಹಿಡಿದೋರು, ನೀವು ನಿಂತಿರೋ ಜಾಗ ಎಲ್ಲ ಒಂದೇ ಫ್ರೇಮಲ್ಲಿ ಕಾಣೋದು. ನಾನು ಮಾರ್ಕ್ಸ್ ಹಾಕೋವಾಗ ಮೊದಲು ಹುಡುಕೋದೇ ಆ ಫೋಟೋನ. ಬಹಳ ಜನ ಅದನ್ನ ನಾಚಿಕೆಗೆ ಹಾಕಲ್ಲ, ಪಂಚೆ ಕಂಡ್ರೆ ಪ್ರೊಫೆಶನಲ್ ಅನ್ನಿಸಲ್ಲ ಅಂತ.

ಫೋಟೋದಲ್ಲಿರೋರನ್ನ ಕೇಳದೆ ತೆಗೀಬೇಡಿ. ನೀವು ರೈಟರ್ರು, ಹಾಜರಿ ಬರೆಯೋರು ನೀವೇ, ನೀವು ನಿಲ್ಲಿ ಅಂದ್ರೆ ಅವರು ಬೇಡ ಅನ್ನೋಕೆ ಹಿಂದೆ ಮುಂದೆ ನೋಡ್ತಾರೆ, ಆ ಮುಲಾಜು ಇಟ್ಕೊಂಡು ತೆಗೆಯೋದು ಸರಿಯಲ್ಲ. ಕೆಲಸ ಮುಗಿದ ಮೇಲೆ ಅಥವಾ ಭಾನುವಾರ, ಇದು ಹೊರದೇಶದ ಸ್ಪರ್ಧೆಗೆ ಹೋಗುತ್ತೆ, ಯಾರು ಬೇಕಾದ್ರೂ ನೋಡ್ತಾರೆ ಅಂತ ಅವರ ಭಾಷೇಲಿ ಅರ್ಥ ಆಗೋ ಹಾಗೆ ಹೇಳಿ, ಒಪ್ಪಿದ್ರೆ ಒಂದು ಕಾಗದದಲ್ಲಿ ಸಹಿ ತಗೊಳ್ಳಿ, ಸುಮಾರು ಸ್ಪರ್ಧೆಗಳಲ್ಲಿ ಮಾಡೆಲ್ ರಿಲೀಸ್ ಅಂತ ಅದನ್ನ ಕೇಳ್ತಾರೆ ಕೂಡ. ಒಂದು ಪ್ರಿಂಟ್ ಹಾಕಿಸಿ ಅವರ ಲೈನ್ ಮನೆಗೆ ಕೊಡಿ. ಇದೆಲ್ಲ ರಗಳೆ ಅನ್ನಿಸಿದ್ರೆ ನಿಮ್ಮ ತಮ್ಮನೋ ತಂಗಿನೋ ನಿಲ್ಲಿಸ್ಕೊಳ್ಳಿ, ಟ್ಯುಟೋರಿಯಲ್ಲಿಗೆ ಏನೂ ನಷ್ಟ ಇಲ್ಲ. ಎಸ್ಟೇಟ್ ಓನರ್ರಿಗೂ ಒಂದು ಮಾತು ಹೇಳಿ, ತೋಟ ಅವರದ್ದು ತಾನೇ.

ಈಗ ಬರೆದು ಮುಗಿಸಿದ್ರಿ ಅಂದ್ಕೊಳ್ಳಿ. ಕಳಿಸೋ ಮುಂಚೆ ಒಂದು ಪರೀಕ್ಷೆ ಇದೆ, ನನ್ನ ಪ್ರಕಾರ ಗೆಲ್ಲೋ ಬರಹ ಸೋಲೋ ಬರಹ ಬೇರೆ ಆಗೋದು ಇಲ್ಲೇ. ಫೋಟೋಗ್ರಫಿ ಅಷ್ಟಾಗಿ ಗೊತ್ತಿಲ್ಲದ ಒಬ್ಬ ಹುಡುಗನ ಕೈಗೆ, ಮೇಸ್ತ್ರಿ ಮಗನೋ ಪಕ್ಕದ ಮನೆ ಕಾಲೇಜು ಹುಡುಗನೋ ಯಾರಾದ್ರೂ ಆಗಲಿ, ನೀವು ಬರೆದಿದ್ದನ್ನೂ ಕ್ಯಾಮೆರಾನೂ ಕೊಟ್ಟು 'ಇದನ್ನ ನೋಡ್ಕೊಂಡು ಮಾಡು' ಅಂತ ಹೇಳಿ ಸುಮ್ಮನೆ ನಿಂತ್ಕೊಳ್ಳಿ. ಬಾಯಿ ಬಿಡಬೇಡಿ. ಅವನು ಎಲ್ಲಿ ನಿಂತು ನಿಮ್ಮ ಮುಖ ನೋಡ್ತಾನೋ ಅಲ್ಲಿ ನಿಮ್ಮ ಬರಹದಲ್ಲಿ ಒಂದು ವಾಕ್ಯ ಕಡಿಮೆ ಇದೆ ಅಂತ. 'ಪ್ರೀಸೆಟ್ ಮ್ಯಾನ್ಯುಅಲ್ ಹಾಕಿ' ಅಂತ ನೀವು ಒಂದು ಲೈನಲ್ಲಿ ಬರೆದಿರ್ತೀರ, ಅವನು ಮೆನು ಒಳಗೆ ಕಾಲು ಗಂಟೆ ಕಳೆದುಹೋಗಿರ್ತಾನೆ. ಅಲ್ಲಿಗೆ ಒಂದು ಫೋಟೋ ಸೇರಿಸಿ. ಹಾಗೇ ಅವನು ಓದದೆ ಹಾರಿಸಿದ ಭಾಗ ಯಾವುದು ಅಂತಾನೂ ನೋಡಿ, ಸಾಮಾನ್ಯವಾಗಿ ಅದು ನೀವು ಬಹಳ ಇಷ್ಟಪಟ್ಟು ಬರೆದ ಪೀಠಿಕೆನೇ ಆಗಿರುತ್ತೆ, ಕತ್ತರಿಸಿ ಬಿಸಾಕಿ. ಅವನು ತೆಗೆದ ಫೋಟೋ ಸುಮಾರಾಗಿ ಬಂದ್ರೂ ಪರವಾಗಿಲ್ಲ, 'ಫೋಟೋಗ್ರಫಿ ಅಷ್ಟಾಗಿ ಗೊತ್ತಿಲ್ಲದೋರು ಇದನ್ನ ಓದಿ ತೆಗೆದಿದ್ದು' ಅಂತ ಕೊನೇಲಿ ಹಾಕಿ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಇಲ್ಲ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಹೆದರಿಕೊಂಡಿದೀರ ಅಂತ ಬರೆದಿರೋ ರೀತಿಲೇ ಗೊತ್ತಾಗುತ್ತೆ. ಹಂತಗಳನ್ನ ಮೊದಲು ಕನ್ನಡದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡಿ, ಯಾರಿಗೋ ಎದುರಿಗೆ ಹೇಳಿಕೊಡೋ ಹಾಗೆ. ಅದನ್ನ ಕೇಳಿಸ್ಕೊಂಡು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ, ಒಂದು ವಾಕ್ಯಕ್ಕೆ ಒಂದು ಕೆಲಸ. ಎಐಗೆ ಕೊಟ್ಟು ಪೂರ್ತಿ ಬರೆಸಬೇಡಿ, ಈಗ ಎಷ್ಟೋ ಕಡೆ ಅದಕ್ಕೆ ರೂಲ್ಸ್ ಮಾಡಿದಾರೆ, ಅದೂ ಅಲ್ಲದೆ ಪಂಚೆ ಅಂಚು ಮಡಚಿ ಅನ್ನೋ ವಿಷಯ ಅದಕ್ಕೆ ಎಲ್ಲಿಂದ ಗೊತ್ತಿರಬೇಕು. ಸ್ಪೆಲಿಂಗ್ ಗ್ರಾಮರ್ ಸರಿ ಮಾಡಿಸ್ಕೊಳ್ಳೋಕೆ ಊರಿನ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು ಸಾಕು.

ಇನ್ನು ಹಕ್ಕಿನ ಪ್ರಶ್ನೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ನಿಮಗೋಸ್ಕರ ತೆಗೆದ ಫೋಟೋ, ಬರೆದ ಬರಹ ನಿಮ್ಮದೇ, ಸ್ಪರ್ಧೆಗೆ ಕಳಿಸಿದ ಮಾತ್ರಕ್ಕೆ ಕೈ ಬಿಟ್ಟು ಹೋಗಲ್ಲ. ಹಕ್ಕು ಬೇರೆಯವರಿಗೆ ವರ್ಗ ಆಗಬೇಕು ಅಂದ್ರೆ ಸೆಕ್ಷನ್ 19ರಂತೆ ಬರವಣಿಗೆಯಲ್ಲಿ ಇರಬೇಕು, ನಿಮ್ಮ ಸಹಿ ಇರಬೇಕು, ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತದೊಳಗೆ ಅಂತ ಲೆಕ್ಕ. ಸೆಕ್ಷನ್ 57ರ ಪ್ರಕಾರ ಹಕ್ಕು ಕೊಟ್ಟ ಮೇಲೂ ಇದು ನನ್ನ ಕೆಲಸ ಅಂತ ಹೇಳ್ಕೊಳ್ಳೋ ಹಕ್ಕು ನಿಮ್ಮ ಹತ್ರನೇ ಉಳಿಯುತ್ತೆ. ಆದ್ರೆ ಹೊರದೇಶದವರು ತಮ್ಮ ರೂಲ್ಸಲ್ಲಿ ತಮ್ಮ ದೇಶದ ಕಾನೂನು ನಡೆಯುತ್ತೆ ಅಂತ ಬರೆದಿರ್ತಾರೆ, ಅಲ್ಲಿ ಕೂತು ವಾದ ಮಾಡೋಕೆ ನಮಗೆ ಆಗಲ್ಲ, ಅದಕ್ಕೇ ಕಳಿಸೋ ಮುಂಚೆನೇ ರೂಲ್ಸ್ ಓದಬೇಕು. ನೋಡಬೇಕಾದ್ದು ಇಷ್ಟೇ: ಅವರು ಕೇಳ್ತಿರೋದು ಲೈಸೆನ್ಸಾ (ಬಳಸೋಕೆ ಅನುಮತಿ) ಅಥವಾ ಅಸೈನ್‌ಮೆಂಟಾ (ಹಕ್ಕನ್ನೇ ವರ್ಗ ಮಾಡೋದು). ಪ್ರಕಟ ಮಾಡೋಕೆ ಲೈಸೆನ್ಸ್ ಕೇಳಿದ್ರೆ ನ್ಯಾಯ, ಅಷ್ಟು ಕೊಡದೆ ಅವರು ಹೇಗೆ ಪ್ರಕಟ ಮಾಡ್ತಾರೆ. ನಾನ್ ಎಕ್ಸ್‌ಕ್ಲೂಸಿವ್ ಅಂತ ಇದ್ರೆ ಇನ್ನೂ ಒಳ್ಳೇದು, ನೀವೂ ಬೇರೆ ಕಡೆ ಹಾಕ್ಕೋಬಹುದು. ಸೋತವರದ್ದೂ ಸೇರಿ ಬಂದ ಎಲ್ಲಾ ಬರಹದ ಪೂರ್ತಿ ಹಕ್ಕು ನಮ್ಮದೇ ಅಂತ ಇದ್ರೆ ಅದು ಸ್ಪರ್ಧೆ ಅಲ್ಲ, ಒಂದು ಕ್ಯಾಮೆರಾ ಕೊಟ್ಟು ನೂರಾರು ಜನರ ಕೆಲಸ ತಗೊಳ್ಳೋ ವ್ಯಾಪಾರ. ಬಿಟ್ಟುಬಿಡಿ ಅಂತೀನಿ ನಾನು. ಬರೀ ವೋಟಿನ ಮೇಲೆ ಗೆಲ್ಲಿಸೋದನ್ನೂ ಬಿಡಿ, ವಾಟ್ಸಾಪಲ್ಲಿ ನೆಂಟರನ್ನೆಲ್ಲ ಕಾಡಿ ಬೇಡಿ ಕೊನೆಗೆ ಗೆಲ್ಲೋದು ಯಾರಿಗೆ ನೆಂಟರು ಜಾಸ್ತಿ ಇದಾರೋ ಅವರು.

ಪ್ರೈಜು. ಮಿರರ್‌ಲೆಸ್ ಅಂದಿದೀರ, ಯಾವ ಮೌಂಟು, ಅಂದ್ರೆ ಕ್ಯಾಮೆರಾಗೆ ಲೆನ್ಸ್ ಕೂರೋ ಬಾಯಿ ಯಾವ ಥರದ್ದು ನೋಡಿ. ನಿಮ್ಮದು ನಿಕಾನ್ ಎಫ್ ಮೌಂಟು, 1959ರಿಂದ ಇರೋದು. ಬರೋದು ನಿಕಾನ್ ಝಡ್ ಆಗಿದ್ರೆ ನಿಮ್ಮ ಹಳೇ ಲೆನ್ಸನ್ನ ಅಡಾಪ್ಟರ್ ಹಾಕಿ ಅದರ ಮೇಲೆ ಕೂರಿಸಬಹುದು, ಆದ್ರೆ ಅದರ ಲೆನ್ಸು ನಿಮ್ಮ ಡಿ3500 ಮೇಲೆ ಕೂರಲ್ಲ. ಬೇರೆ ಕಂಪನಿದು ಆಗಿದ್ರೆ ಹೊಸದಾಗಿ ಸಂಸಾರ ಹೂಡಿದ ಹಾಗೇ. ವಾರಂಟಿ ಕೂಡ ಕೇಳಿ, ಹೊರಗೆ ಮಾರಾಟಕ್ಕೆ ಬಂದ ಪೀಸಿಗೆ ಇಲ್ಲಿನ ಸರ್ವಿಸ್ ಸೆಂಟರಲ್ಲಿ ವಾರಂಟಿ ಸಿಗದೇ ಇರಬಹುದು.

ಮನೆಗೆ ಬರುತ್ತಾ ಅಂದ್ರೆ, ಮೊದಲು ರೂಲ್ಸಲ್ಲಿ ಭಾರತದವರಿಗೆ ಅವಕಾಶ ಇದೆಯಾ ನೋಡ್ಕೊಳ್ಳಿ, ಎಷ್ಟೋ ಸ್ಪರ್ಧೆ ಆ ದೇಶದವರಿಗೆ ಮಾತ್ರ ಇರುತ್ತೆ, ಅದು ತಿಳೀದೆ ತಿಂಗಳುಗಟ್ಟಲೆ ಕೂತು ಬರೆದೋರನ್ನ ನೋಡಿದೀನಿ. ಇದ್ರೆ, ಹೊರಗಡೆಯಿಂದ ಬರೋ ಪಾರ್ಸಲ್ಲಿಗೆ ಕಸ್ಟಮ್ಸ್ ಡ್ಯೂಟಿ ಮತ್ತು ಜಿಎಸ್‌ಟಿ ಬೀಳುತ್ತೆ, ಪುಕ್ಕಟೆ ಬಂದ ಪ್ರೈಜ್ ಅಂದ್ರೂ ಬಿಡಲ್ಲ, ಬಾಕ್ಸ್ ಮೇಲೆ ಬರೆದ ಬೆಲೆ ಮೇಲೆ ಲೆಕ್ಕ ಹಾಕ್ತಾರೆ. ಅದನ್ನ ಸಾಮಾನ್ಯವಾಗಿ ಗೆದ್ದೋರೇ ಕಟ್ಟಬೇಕು. ಕೊರಿಯರಿನವರು ಕೆವೈಸಿ ಕೇಳ್ತಾರೆ, ಬಿಲ್ ಕೊಡ್ತಾರೆ. ಇನ್‌ಕಮ್ ಟ್ಯಾಕ್ಸೂ ಇದೆ, ಲಾಟರಿ ಗೇಮ್ ಶೋ ಥರದ ಗೆಲುವಿಗೆ ನಮ್ಮಲ್ಲಿ 30% ಟ್ಯಾಕ್ಸು, ಮೇಲೆ ಸೆಸ್ಸು. ಬರೆದು ಗೆದ್ದ ಬಹುಮಾನನ ಯಾವ ಲೆಕ್ಕದಲ್ಲಿ ತೋರಿಸಬೇಕು ಅಂತ ಗೆದ್ದ ಮೇಲೆ ಚಿಕ್ಕಮಗಳೂರಲ್ಲಿ ಒಬ್ಬರು ಆಡಿಟರ್ ಹತ್ರ ಕೂತು ಕೇಳ್ಕೊಳ್ಳಿ. ಇಷ್ಟು ಖರ್ಚು ಇದೆ ಅಂತ ಗೊತ್ತಿದ್ದು ಹೋಗಿ. ಆದ್ರೆ 'ನೀವು ಗೆದ್ದಿದೀರಿ, ಪ್ರೊಸೆಸಿಂಗ್ ಫೀಸ್ ಈ ಯುಪಿಐಗೆ ಹಾಕಿ' ಅಂತ ಯಾರಾದ್ರೂ ಫೋನ್ ಮಾಡಿದ್ರೆ, ಕಸ್ಟಮ್ಸ್ ಆಫೀಸರ್ ಅಂತಾನೇ ಹೇಳಿದ್ರೂ, ಒಂದು ರೂಪಾಯಿ ಹಾಕಬೇಡಿ. ಡ್ಯೂಟಿ ಯಾರದೋ ಸ್ವಂತ ಅಕೌಂಟಿಗೆ ಹೋಗಲ್ಲ. ಹಾಕಿಬಿಟ್ಟಿದ್ರೆ ತಡ ಮಾಡದೆ 1930ಗೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ.

ಗೆದ್ದು ಬಂತು ಅಂದ್ರೆ ಅದನ್ನ ಬೀರುವಿನಲ್ಲಿ ಬಟ್ಟೆ ಮಧ್ಯೆ ಇಡಬೇಡಿ ದಯವಿಟ್ಟು. ಮೂಡಿಗೆರೆ ಮಳೆಗಾಲಕ್ಕೆ ಲೆನ್ಸ್ ಒಳಗೆ ಫಂಗಸ್ ಬರೋಕೆ ಒಂದು ಸೀಸನ್ ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್, ಒಳಗಿನ ತೇವ 40ರಿಂದ 50% ಇರೋ ಹಾಗೆ ನೋಡ್ಕೊಳ್ಳಿ. ಈಗಿರೋ 18-55ಕ್ಕೂ ಇದನ್ನ ಇವತ್ತೇ ಮಾಡಿ.

ಟೈಮ್ ಹೇಗೆ ಹೊಂದಿಸೋದು ಅಂದ್ರೆ, ಅರೇಬಿಕಾ ಕುಯ್ಲು ಮುಗೀತಾ ಬರುತ್ತೆ, ರೊಬಸ್ಟಾ ಶುರು ಆಗುತ್ತೆ, ಜನವರಿಯಲ್ಲಿ ನಿಮಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಹಾಗಾಗಿ ಫೋಟೋ ಕೆಲಸ ಡಿಸೆಂಬರಲ್ಲೇ ಮುಗಿಸಿ. ಚುಕ್ಕೆ ಬಿಸಿಲು ಜೋರಾಗಿರೋದು ಮಧ್ಯಾಹ್ನ, ತೊಂದರೆ ತೋರಿಸೋಕೆ ಆ ಟೈಮೇ ಬೇಕು, ಬೆಳಿಗ್ಗೆ ಮಂಜಲ್ಲಿ ತೆಗೆದ್ರೆ ತೊಂದರೆನೇ ಕಾಣಲ್ಲ, ಪಂಚೆ ಯಾಕೆ ಅಂತ ಯಾರಿಗೂ ಅರ್ಥ ಆಗಲ್ಲ. ಜನವರಿ ಮೊದಲ ವಾರ ಆ ಹುಡುಗನ ಕೈಲಿ ಮಾಡಿಸಿ ನೋಡಿ, ಎರಡನೇ ವಾರ ತಿದ್ದಿ, ಮೂರನೇ ವಾರ ಕಳಿಸಿಬಿಡಿ. ಕೊನೇ ದಿನ ರಾತ್ರಿ ಎಸ್ಟೇಟಲ್ಲಿ ಕೂತು ಅಪ್ಲೋಡ್ ಮಾಡ್ತೀನಿ ಅನ್ನಬೇಡಿ, ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟೂ ಇಲ್ಲ ಟವರೂ ಇಲ್ಲ, ಅದೂ ಅಲ್ಲದೆ ಲಾಸ್ಟ್ ಡೇಟ್ ಯಾವ ದೇಶದ ಟೈಮಿಗೆ ಅಂತಾನೂ ನೋಡ್ಕೋಬೇಕು. ಪೇಟೆಗೆ ಬಂದು ಒಳ್ಳೇ ನೆಟ್ ಇರೋ ಕಡೆ ಕೂತು ಕಳಿಸಿ, ಬಂದ ಮೇಲ್ ತೆಗೆದಿಟ್ಕೊಳ್ಳಿ, ರಿಸಲ್ಟ್ ಬರೋವರೆಗೂ ಕಾರ್ಡಲ್ಲಿರೋ ರಾ ಫೈಲ್ ಯಾವುದನ್ನೂ ಡಿಲೀಟ್ ಮಾಡಬೇಡಿ, ಫೈನಲ್ಲಿಗೆ ಬಂದೋರನ್ನ ಒರಿಜಿನಲ್ ತೋರಿಸಿ ಅಂತ ಕೇಳೋ ರೂಢಿ ಇದೆ.